ಹದಿಹರೆಯಕ್ಕೆ ದನಿ ಬಂದ ಬಗೆ

ದೆಹಲಿಯ ನೈಋತ್ಯ ತುದಿಯಲ್ಲಿರುವ ದ್ವಾರಕಾ ಹಳೆಯ ಊರಲ್ಲ. ಪಪ್ಪನ್‌ಕಲಾಂ ಎಂದು ಕರೆಯುತ್ತಿದ್ದ ಹಳ್ಳಿಗಾಡಿನ ಜಮೀನಿನಲ್ಲಿ ದೆಹಲಿ ಅಭಿವೃದ್ಧಿ ಪ್ರಾಧಿಕಾರ ಸೆಕ್ಟರುಗಳ ಲೆಕ್ಕದಲ್ಲಿ ಎಬ್ಬಿಸಿದ ಉಪನಗರ ಇದು. ಸಹಕಾರಿ ವಸತಿ ಸಂಘಗಳ ಫ್ಲ್ಯಾಟುಗಳು ಸಾಲಾಗಿ ಎದ್ದವು. 2005ರ ಡಿಸೆಂಬರ್ 31ರಂದು ಮೆಟ್ರೋ ಬಂತು. ಸರ್ಕಾರಿ ನೌಕರರು, ಬ್ಯಾಂಕಿನವರು, ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡುವವರು, ಅವರ ನಡುವೆ ಅಲ್ಲೊಂದು ಇಲ್ಲೊಂದು ಕನ್ನಡದ ಮನೆಗಳು. ಬಂದವರೆಲ್ಲರ ಆಸೆ ಹೆಚ್ಚುಕಡಿಮೆ ಒಂದೇ: ಮಕ್ಕಳು ಚೆನ್ನಾಗಿ ಓದಬೇಕು. ಹಾಗಾಗಿ ಶಾಲೆಗಳು ಬಂದವು, ಕೋಚಿಂಗ್ ತರಗತಿಗಳು ಬಂದವು. ಹದಿನಾಲ್ಕನೇ ಸೆಕ್ಟರಿನಲ್ಲಿ ನ್ಯಾಷನಲ್ ಲಾ ಯೂನಿವರ್ಸಿಟಿ, ಹದಿನಾರರಲ್ಲಿ ಇಂದ್ರಪ್ರಸ್ಥ ವಿಶ್ವವಿದ್ಯಾಲಯ ನೆಲೆಗೊಂಡವು. 2025ರ ಜನವರಿ 3ರಂದು ಸಿಬಿಎಸ್‌ಇಯ ಹೊಸ ಕಚೇರಿ ಸಂಕೀರ್ಣವೂ ದ್ವಾರಕಾದಲ್ಲೇ ಉದ್ಘಾಟನೆಯಾಯಿತು. ದೇಶದ ಲಕ್ಷಾಂತರ ಮಕ್ಕಳ ಹತ್ತನೇ ತರಗತಿ, ಹನ್ನೆರಡನೇ ತರಗತಿಯ ಹಣೆಬರಹ ಬರೆಯುವ ಮಂಡಳಿಯ ವಿಳಾಸ ಈಗ ಇದೇ ಬಡಾವಣೆ.

ಇಂಥ ಊರಿನ ಶಾಲೆಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ಹೊಸ ನೋಟ ಕಾಣಸಿಗುತ್ತದೆ. ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನದ ಸುಮಾರಿಗೆ ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ಹದಿನೈದು ಹದಿನಾರರ ಹುಡುಗ ಹುಡುಗಿಯರು ಮೈಕಿನ ಮುಂದೆ ನಿಂತು, ಮೈಗೆ ಬಂದಂತೆ ಮನಸ್ಸಿಗೂ ಕಾಯಿಲೆ ಬರುತ್ತದೆ, ಅದನ್ನು ಹೇಳಿಕೊಳ್ಳಲು ನಾಚಿಕೆ ಬೇಡ ಎನ್ನುತ್ತಾರೆ. ಬೀದಿ ನಾಟಕ ಆಡುತ್ತಾರೆ, ಪೋಸ್ಟರ್ ಬರೆಯುತ್ತಾರೆ, ಮೊಬೈಲಿನಲ್ಲಿ ಚಿಕ್ಕ ವಿಡಿಯೋ ಮಾಡಿ ಹಂಚುತ್ತಾರೆ. ನೋಡುವ ಹಿರಿಯರಿಗೆ ಇದು ಹೊಸ ಕಾಲದ ಮಕ್ಕಳ ಶೋಕಿ ಅನ್ನಿಸಬಹುದು, ಕಾಲೇಜು ಅರ್ಜಿಗೆ ಬೇಕಾದ ಸರ್ಟಿಫಿಕೇಟಿನ ಲೆಕ್ಕಾಚಾರ ಅನ್ನಿಸಲೂಬಹುದು. ಆದರೆ ಆ ಮಗು ಮೈಕ್ ಹಿಡಿಯುವ ಮುನ್ನ ಒಂದು ದೀರ್ಘ ಚರಿತ್ರೆ ನಡೆದಿದೆ. ಅದರಲ್ಲಿ ಹೆಚ್ಚಿನ ಕಾಲ ಮಕ್ಕಳಿಗೆ ಮಾತೇ ಇರಲಿಲ್ಲ. ಆ ಚರಿತ್ರೆಯ ಒಂದು ಮುಖ್ಯ ಭಾಗ ನಮ್ಮ ಬೆಂಗಳೂರಿನದೇ.

ಗೋಡೆಯೊಳಗಿನ ನೂರು ವರ್ಷ

ಬೆಂಗಳೂರಿನಲ್ಲಿ 1847ರಲ್ಲಿ ಒಂದು ‘ಲುನಾಟಿಕ್ ಅಸೈಲಮ್’ ಶುರುವಾಯಿತು. ಅದನ್ನು ತೆರೆದವರು ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಎಂಬ ವೈದ್ಯರು. ಜನ ಅದಕ್ಕೆ ಇಟ್ಟ ಹೆಸರು ಹುಚ್ಚಾಸ್ಪತ್ರೆ. 1925ರಲ್ಲಿ ಮೈಸೂರು ಸರ್ಕಾರ ಅದನ್ನು ‘ಮೆಂಟಲ್ ಹಾಸ್ಪಿಟಲ್’ ಎಂದು ಕರೆಯಿತು. ಹೆಸರಿನ ಈ ಬದಲಾವಣೆ ಸಣ್ಣದಲ್ಲ. ಅಸೈಲಮ್ ಎಂದರೆ ಇಟ್ಟುಕೊಳ್ಳುವ ಜಾಗ, ಆಸ್ಪತ್ರೆ ಎಂದರೆ ವಾಸಿ ಮಾಡಿ ಕಳಿಸುವ ಜಾಗ. ಮೂವತ್ತರ ದಶಕದಲ್ಲಿ ಆಸ್ಪತ್ರೆ ಈಗಿನ ಹೊಸೂರು ರಸ್ತೆಯ ವಿಶಾಲ ಜಾಗಕ್ಕೆ ಬಂತು. 1954ರಲ್ಲಿ ಅದರ ಜೊತೆಗೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಅದರ ಮೊದಲ ನಿರ್ದೇಶಕರು ಡಾ. ಎಂ.ವಿ. ಗೋವಿಂದಸ್ವಾಮಿ. ಆಸ್ಪತ್ರೆ, ಸಂಸ್ಥೆ ಎರಡೂ 1974ರಲ್ಲಿ ಸೇರಿ ನಿಮ್ಹಾನ್ಸ್ ಆಯಿತು.

ದೇಶದ ಒಟ್ಟು ಸ್ಥಿತಿ ಹೇಗಿತ್ತು ಎಂಬುದನ್ನು 1946ರ ಭೋರ್ ಸಮಿತಿಯ ವರದಿ ತೋರಿಸುತ್ತದೆ. ಅಷ್ಟು ದೊಡ್ಡ ದೇಶದಲ್ಲಿ ಮನೋರೋಗಿಗಳಿಗೆ ಇದ್ದದ್ದು ಸುಮಾರು 10 ಸಾವಿರ ಹಾಸಿಗೆ. ಹಾಸಿಗೆಗಳೇ ಇಷ್ಟು ಕಡಿಮೆ ಇದ್ದಾಗ, ಪರೀಕ್ಷೆಗೆ ಹೆದರಿ ಅನ್ನ ಬಿಟ್ಟ ಹುಡುಗನನ್ನೋ, ಕಾರಣ ಹೇಳಲಾರದೆ ಅಳುವ ಹುಡುಗಿಯನ್ನೋ ಯಾರು ಲೆಕ್ಕಕ್ಕೆ ಹಿಡಿದಾರು? ಮುಂಬೈಯ ಟಾಟಾ ಸಂಸ್ಥೆ 1937ರಲ್ಲಿ ದೇಶದ ಮೊದಲ ಮಕ್ಕಳ ಮಾರ್ಗದರ್ಶನ ಚಿಕಿತ್ಸಾಲಯವನ್ನು ತೆರೆದಿತ್ತು ನಿಜ. ಉಳಿದಂತೆ ಮಕ್ಕಳ ಮನಸ್ಸಿನ ಸಂಕಟಕ್ಕೆ ನಮ್ಮ ಮನೆಗಳಲ್ಲಿ ಬೇರೆ ಹೆಸರುಗಳಿದ್ದವು. ಮೊಂಡು, ಸೋಮಾರಿತನ, ದೃಷ್ಟಿ, ಗಾಳಿ ಸೋಕಿದ್ದು, ವಯಸ್ಸಿನ ಚೇಷ್ಟೆ. ಮದ್ದು ತಾಯತದ್ದು, ಹರಕೆಯದ್ದು, ಇಲ್ಲವೇ ಬೆತ್ತದ್ದು.

ಕನ್ನಡದಲ್ಲಿ ಈ ಮೌನ ಒಡೆಯಲು ಯತ್ನಿಸಿದ ಮೊದಲಿಗರಲ್ಲಿ ವೈದ್ಯರೇ ಇದ್ದರು. ‘ಕೊರವಂಜಿ’ಯ ಮೂಲಕ ನಾಡನ್ನು ನಗಿಸಿದ ರಾಶಿ, ಅಂದರೆ ಡಾ. ಎಂ. ಶಿವರಾಂ, ಮನಶ್ಶಾಸ್ತ್ರವನ್ನು ಕನ್ನಡದಲ್ಲಿ ಬರೆದರು. ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮುಂದೆ ನಿಮ್ಹಾನ್ಸಿನ ಡಾ. ಸಿ.ಆರ್. ಚಂದ್ರಶೇಖರ್ ಪತ್ರಿಕೆಗಳಲ್ಲಿ, ಸಣ್ಣ ಸಣ್ಣ ಪುಸ್ತಕಗಳಲ್ಲಿ ಮನೆಮಾತಿನಲ್ಲೇ ಮನಸ್ಸಿನ ಕಾಯಿಲೆಗಳ ಬಗ್ಗೆ ಬರೆಯುತ್ತ ಹೋದರು. ಇವರ ಬರಹ ಅಪ್ಪ ಅಮ್ಮಂದಿರ, ಮೇಷ್ಟರುಗಳ ಕಣ್ಣು ತೆರೆಸಿತು. ಆದರೂ ಇಲ್ಲಿ ಮಾತಾಡುತ್ತಿದ್ದವರು ಹಿರಿಯರು. ಮಗು ಇನ್ನೂ ಮಾತಿನ ವಿಷಯ ಮಾತ್ರ ಆಗಿತ್ತು.

ನೊಂದವರೇ ಬಾಯಿಬಿಟ್ಟಾಗ

ನೋವು ಉಂಡವರೇ ಅದರ ಬಗ್ಗೆ ಸಾರ್ವಜನಿಕವಾಗಿ ಮಾತಾಡಬಹುದು ಎಂಬುದು ಆಧುನಿಕ ಕಾಲದ ದೊಡ್ಡ ಹೆಜ್ಜೆ. ಅಮೆರಿಕದ ಕ್ಲಿಫರ್ಡ್ ಬಿಯರ್ಸ್ ಮನೋರೋಗಿಯಾಗಿ ಆಸ್ಪತ್ರೆಗಳಲ್ಲಿ ಪಟ್ಟ ಪಾಡನ್ನು 1908ರಲ್ಲಿ ಪುಸ್ತಕ ಮಾಡಿದರು. ಅದರಿಂದ ‘ಮೆಂಟಲ್ ಹೈಜೀನ್’ ಚಳವಳಿ ಹುಟ್ಟಿ, ಅದರ ಅಲೆ ಹಲವು ದೇಶ ಮುಟ್ಟಿತು.

ಇನ್ನೊಂದು ಕಥೆ ಹದಿಹರೆಯಕ್ಕೆ ನೇರ ಸಂಬಂಧಪಟ್ಟದ್ದು. 1935ರಲ್ಲಿ ಇಂಗ್ಲೆಂಡಿನ ಚಾಡ್ ವರಾ ಎಂಬ ಯುವ ಪಾದ್ರಿ ನಡೆಸಿಕೊಟ್ಟ ಮೊದಲ ಅಂತ್ಯಕ್ರಿಯೆಗಳಲ್ಲೊಂದು ಒಬ್ಬ ಹದಿಹರೆಯದ ಹುಡುಗಿಯದು. ಮೊದಲ ಸಲ ಮುಟ್ಟಾದಾಗ ತನಗೇನೋ ಹೇಳಬಾರದ ರೋಗ ತಗುಲಿದೆ ಎಂದು ಆ ಮಗು ಹೆದರಿತ್ತು. ಕೇಳಲು ಯಾರೂ ಇರಲಿಲ್ಲ, ಪ್ರಾಣ ಕಳೆದುಕೊಂಡಿತು. ಆ ಸಾವು ಪಾದ್ರಿಯನ್ನು ಬಿಡಲಿಲ್ಲ. 1953ರಲ್ಲಿ ಅವರು ಲಂಡನ್ನಿನಲ್ಲಿ ಒಂದು ಫೋನ್ ಇಟ್ಟು, ಸಾಯಬೇಕೆನ್ನಿಸಿದವರು ಕರೆ ಮಾಡಿ ಎಂದರು. ಅದೇ ‘ಸಮಾರಿಟನ್ಸ್’. ಈ ಮಾದರಿ ನಮ್ಮಲ್ಲಿಗೂ ಬಂತು. ಚೆನ್ನೈಯಲ್ಲಿ 1986ರಲ್ಲಿ ಡಾ. ಲಕ್ಷ್ಮೀ ವಿಜಯಕುಮಾರ್ ‘ಸ್ನೇಹಾ’ ಕಟ್ಟಿದರು. ದೆಹಲಿಯಲ್ಲಿ 1988ರಲ್ಲಿ ‘ಸುಮೈತ್ರಿ’ ಶುರುವಾಯಿತು. ಇಂದು ನಾವು ಹೆಲ್ಪ್‌ಲೈನ್ ಎಂದು ಸಲೀಸಾಗಿ ಹೇಳುವ ಏರ್ಪಾಡಿನ ಬುಡದಲ್ಲಿ ಒಂದು ಮಗುವಿನ ಮೌನವಿದೆ. ಆ ಹುಡುಗಿಗೆ ಬೇಕಾಗಿದ್ದದ್ದು ಒಂದು ಸರಿಯಾದ ಮಾಹಿತಿ, ಗಾಬರಿಯಾಗದೆ ಕೇಳಿಸಿಕೊಳ್ಳುವ ಒಬ್ಬ ಹಿರಿಯರು. ಅಷ್ಟೇ.

ಬಳ್ಳಾರಿಯಿಂದ ಶಾಲೆಯ ಕೊಠಡಿಗೆ

1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಅದನ್ನು ಜಿಲ್ಲೆಯ ಮಟ್ಟದಲ್ಲಿ ಹೇಗೆ ನಡೆಸುವುದು ಎಂದು ಪ್ರಯೋಗ ಮಾಡಿದ್ದು ನಮ್ಮ ಬಳ್ಳಾರಿಯಲ್ಲಿ, 1985ರಿಂದ, ನಿಮ್ಹಾನ್ಸಿನವರ ನೇತೃತ್ವದಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಆರೋಗ್ಯ ಕಾರ್ಯಕರ್ತರು ತರಬೇತಿ ಪಡೆದರೆ ಮನೋರೋಗಿಗಳನ್ನು ಊರಲ್ಲೇ ನೋಡಬಹುದು ಎಂದು ಬಳ್ಳಾರಿ ತೋರಿಸಿತು. 1996ರಲ್ಲಿ ಈ ಮಾದರಿ ಬೇರೆ ರಾಜ್ಯಗಳಿಗೆ ಹೋಯಿತು. ಮನೋವೈದ್ಯರು ಬೆರಳೆಣಿಕೆಯಷ್ಟಿರುವ ದೇಶದಲ್ಲಿ ಬೇರೆಯವರಿಗೆ ಕೆಲಸ ಕಲಿಸಬೇಕು ಎಂಬ ಪಾಠ ಬಳ್ಳಾರಿಯದು. ಮುಂದೆ ಆ ‘ಬೇರೆಯವರ’ ಸಾಲಿಗೆ ಮೇಷ್ಟರು ಸೇರಿದರು, ಆಮೇಲೆ ಮಕ್ಕಳೂ ಸೇರಿದರು. ನಮ್ಮ ಕಥೆ ತಿರುಗುವುದು ಇಲ್ಲಿ.

ತೊಂಬತ್ತರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ‘ಜೀವನ ಕೌಶಲ’ಗಳ ಮಾತೆತ್ತಿತು. ನಿರ್ಧಾರ ತೆಗೆದುಕೊಳ್ಳುವುದು, ಬೇಡ ಎನ್ನಲು ಕಲಿಯುವುದು, ಸಿಟ್ಟನ್ನು, ಒತ್ತಡವನ್ನು ನಿಭಾಯಿಸುವುದು. ನಿಮ್ಹಾನ್ಸಿನ ಡಾ. ಶ್ರೀಕಲಾ ಭರತ್ ಮತ್ತು ಡಾ. ಕಿಶೋರ್ ಕುಮಾರ್ ಇದನ್ನು ಕರ್ನಾಟಕದ ಪ್ರೌಢಶಾಲೆಗಳಿಗೆ ಒಗ್ಗಿಸಿದರು. ಮೇಷ್ಟರುಗಳಿಗೆ ತರಬೇತಿ ಕೊಟ್ಟು, 261 ಪ್ರೌಢಶಾಲೆಗಳಲ್ಲಿ 55 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಮುಟ್ಟಿದ ಕೆಲಸ ಅದು. ಪಾಠ ಕೇಳಿದ ಮಕ್ಕಳಲ್ಲಿ ಆತ್ಮವಿಶ್ವಾಸ, ಹೊಂದಿಕೊಳ್ಳುವ ಗುಣ ಹೆಚ್ಚಿದ್ದವೆಂದು 2010ರಲ್ಲಿ ಅವರು ಪ್ರಕಟಿಸಿದ ಅಧ್ಯಯನ ಹೇಳುತ್ತದೆ.

1998ರಲ್ಲಿ ಸಿಬಿಎಸ್‌ಇ ಪರೀಕ್ಷೆಯ ಹೊತ್ತಿಗೆ ಫೋನ್ ಮೂಲಕ ಆಪ್ತಸಮಾಲೋಚನೆ ಆರಂಭಿಸಿತು. ಪರೀಕ್ಷೆ ನಡೆಸುವ ಮಂಡಳಿಯೇ ಪರೀಕ್ಷೆಯ ಭಯಕ್ಕೆ ಫೋನ್ ಇಟ್ಟಿತು ಎಂಬುದರಲ್ಲಿ ಒಂದು ವ್ಯಂಗ್ಯವಿದೆ, ಒಂದು ಪ್ರಾಮಾಣಿಕತೆಯೂ ಇದೆ. ಭಯ ಇದೆ ಎಂದು ಮಂಡಳಿ ಒಪ್ಪಿಕೊಂಡಂತಾಯಿತಲ್ಲ.

2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮವನ್ನು ತಂದಿತು. ಹದಿಹರೆಯದವರ ಆರು ಮುಖ್ಯ ವಿಷಯಗಳಲ್ಲಿ ಮಾನಸಿಕ ಆರೋಗ್ಯವನ್ನೂ ಸೇರಿಸಿ, ಊರೂರಲ್ಲಿ ಮಕ್ಕಳನ್ನೇ ಸಹಪಾಠಿಗಳ ಶಿಕ್ಷಕರನ್ನಾಗಿ ಆರಿಸಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಕರ್ನಾಟಕದಲ್ಲಿ ಯುವಜನ ಸಬಲೀಕರಣ ಇಲಾಖೆ ಮತ್ತು ನಿಮ್ಹಾನ್ಸ್ ಸೇರಿ ‘ಯುವ ಸ್ಪಂದನ’ ಶುರು ಮಾಡಿದವು. ಅದರಲ್ಲಿ ಕೆಲಸ ಮಾಡುವ ‘ಯುವ ಪರಿವರ್ತಕ’ರು ವೈದ್ಯರಲ್ಲ, ತರಬೇತಿ ಪಡೆದ ಯುವಕ ಯುವತಿಯರು. 2020ರಲ್ಲಿ ಬಂದ ಶಾಲಾ ಆರೋಗ್ಯ ಕಾರ್ಯಕ್ರಮ ಪ್ರತಿ ಶಾಲೆಯ ಇಬ್ಬರು ಶಿಕ್ಷಕರನ್ನು ‘ಆರೋಗ್ಯ ರಾಯಭಾರಿ’ಗಳೆಂದೂ ಮಕ್ಕಳನ್ನು ‘ಆರೋಗ್ಯ ಸಂದೇಶವಾಹಕ’ರೆಂದೂ ಕರೆಯಿತು. ದ್ವಾರಕಾದ ಪ್ರಾರ್ಥನಾ ಸಭೆಯಲ್ಲಿ ಮೈಕ್ ಹಿಡಿದ ಮಗು ಈ ದಾರಿಯಲ್ಲಿ ಬಂದದ್ದು.

‘ಟೆನ್ಶನ್’ ಎಂದವರ ಮಾತು

ಮಕ್ಕಳನ್ನೇ ಕೇಳಿದರೆ ಏನು ಹೇಳುತ್ತಾರೆ? ಇದಕ್ಕೆ ಒಳ್ಳೆಯ ಉತ್ತರ ದೆಹಲಿಯ ಸರ್ಕಾರಿ ಶಾಲೆಗಳಿಂದಲೇ ಬಂತು. ಗೋವಾ ಮೂಲದ ‘ಸಂಗಾತ್’ ಸಂಸ್ಥೆ, ಮನೋವೈದ್ಯ ವಿಕ್ರಂ ಪಟೇಲ್ ಅವರ ಮುಂದಾಳತ್ವದಲ್ಲಿ ‘ಪ್ರೈಡ್’ ಎಂಬ ಯೋಜನೆಯನ್ನು ಗೋವಾ ಮತ್ತು ದೆಹಲಿಯಲ್ಲಿ ನಡೆಸಿತು. ಮಕ್ಕಳ ಜೊತೆ ಮಾತಾಡಿದಾಗ ಖಿನ್ನತೆ, ಆತಂಕ ಮುಂತಾದ ಪುಸ್ತಕದ ಪದಗಳಿಗಿಂತ ಹೆಚ್ಚಾಗಿ ಕೇಳಿಬಂದ ಪದ ‘ಟೆನ್ಶನ್’. ಓದಿನ ಟೆನ್ಶನ್, ಮನೆಯ ಟೆನ್ಶನ್, ಗೆಳೆಯರ ಟೆನ್ಶನ್. ನಮ್ಮ ಕನ್ನಡದ ಮಕ್ಕಳೂ ಬೇರೆ ಹೇಳುವುದಿಲ್ಲ. ‘ಬೇಜಾರು’, ‘ತಲೆ ಕೆಟ್ಟುಹೋಗಿದೆ’, ‘ಟೆನ್ಶನ್ ಆಗಿದೆ’ ಎನ್ನುತ್ತಾರೆ. ಈ ಮೂರು ಮಾತಿನೊಳಗೆ ಒಂದು ಸಂಜೆಯ ಸಿಡುಕೂ ಇರಬಹುದು, ತಿಂಗಳುಗಟ್ಟಲೆಯ ಕತ್ತಲೆಯೂ ಇರಬಹುದು. ಯಾವುದು ಎಂದು ತಿಳಿಯಲು ಇನ್ನೆರಡು ಪ್ರಶ್ನೆ ಕೇಳುವ ವ್ಯವಧಾನ ಬೇಕು.

ಮಕ್ಕಳ ಮಾತನ್ನೇ ಆಧಾರವಾಗಿಟ್ಟು ಸಂಗಾತ್ ಒಂದು ಸರಳ ವಿಧಾನ ಮಾಡಿತು: ಸಮಸ್ಯೆಯನ್ನು ಗುರುತಿಸು, ದಾರಿಗಳನ್ನು ಹುಡುಕು, ಒಂದನ್ನು ಮಾಡಿ ನೋಡು. 2018ರಲ್ಲಿ ದೆಹಲಿಯ ಆರು ಸರ್ಕಾರಿ ಶಾಲೆಗಳಲ್ಲಿ ಸುಮಾರು 250 ಮಕ್ಕಳ ಮೇಲೆ ಪರೀಕ್ಷೆ ಆಯಿತು. ಅರ್ಧದಷ್ಟು ಮಕ್ಕಳಿಗೆ ಪುಸ್ತಿಕೆ ಮಾತ್ರ, ಉಳಿದವರಿಗೆ ಪುಸ್ತಿಕೆಯ ಜೊತೆಗೆ ಒಬ್ಬ ಆಪ್ತಸಮಾಲೋಚಕರು. ಆ ಸಮಾಲೋಚಕರು ಮನೋವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯರು. ಆರು ವಾರದ ನಂತರ ನೋಡಿದಾಗ, ಮಕ್ಕಳು ತಾವೇ ಮುಖ್ಯವೆಂದು ಹೇಳಿಕೊಂಡಿದ್ದ ಸಮಸ್ಯೆಗಳು ಸಮಾಲೋಚಕರ ಜೊತೆ ಕೂತವರಲ್ಲಿ ಹೆಚ್ಚು ಹಗುರಾಗಿದ್ದವು. ರೋಗಲಕ್ಷಣಗಳ ಒಟ್ಟು ಅಂಕದಲ್ಲಿ ಮಾತ್ರ ಎರಡು ಗುಂಪಿನ ನಡುವೆ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. 2020ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಎರಡೂ ಕಡೆಯಿಂದ ಓದಬೇಕು. ಪುಸ್ತಿಕೆ ಹಂಚಿದರೆ ಸಾಲದು, ಎದುರಿಗೆ ಒಬ್ಬ ಮನುಷ್ಯ ಬೇಕು. ಆ ಮನುಷ್ಯನಿಂದಲೂ ಆರು ವಾರದಲ್ಲಿ ಪವಾಡ ಆಗುವುದಿಲ್ಲ.

ಇದೇ ಸಂಸ್ಥೆ 2017ರ ಸುಮಾರಿಗೆ ದೆಹಲಿಯಲ್ಲಿ ಯುವಜನರು ತಮ್ಮ ಅನುಭವವನ್ನು ತಾವೇ ಬರೆಯುವ, ಹೇಳುವ ಅಭಿಯಾನವನ್ನೂ ಶುರುಮಾಡಿತು. ಮಾತಾಡಿದರೆ ತಪ್ಪಿಲ್ಲ ಎಂಬುದೇ ಅದರ ಹೆಸರಿನ ಅರ್ಥ. ಹಿರಿಯರು ಬರೆದುಕೊಟ್ಟ ಘೋಷಣೆಯನ್ನು ಓದುವ ಮಗುವಿಗೂ ತನ್ನ ಬದುಕಿನ ಸಂಗತಿಯನ್ನು ತಾನೇ ಹೇಳುವ ಮಗುವಿಗೂ ಇರುವ ಅಂತರ ಅಲ್ಲಿ ಎದ್ದು ಕಂಡಿತು.

2018ರ ಜುಲೈಯಲ್ಲಿ ದೆಹಲಿ ಸರ್ಕಾರ ತನ್ನ ಶಾಲೆಗಳಲ್ಲಿ ‘ಹ್ಯಾಪಿನೆಸ್’ ಪಠ್ಯಕ್ರಮ ತಂದಾಗ ದೇಶವೆಲ್ಲ ತಿರುಗಿ ನೋಡಿತು. ಆದರೆ ಅದು ನರ್ಸರಿಯಿಂದ ಎಂಟನೇ ತರಗತಿಯವರೆಗೆ. ಮನಸ್ಸಿನ ಕಾಯಿಲೆಗಳಲ್ಲಿ ಸುಮಾರು ಅರ್ಧದಷ್ಟು ಹದಿನಾಲ್ಕರ ವಯಸ್ಸಿಗೆ ಮೊದಲೇ ತಲೆ ಎತ್ತುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತ ಬಂದಿದೆ. ಅಂದರೆ ಮಗು ಒಂಬತ್ತಕ್ಕೆ ಕಾಲಿಟ್ಟು, ಬೋರ್ಡ್ ಪರೀಕ್ಷೆಯ ನೆರಳು ಬೀಳುವ ಹೊತ್ತಿಗೆ ಸಂತೋಷದ ತರಗತಿ ಮುಗಿದಿರುತ್ತಿತ್ತು. ನಿಮ್ಹಾನ್ಸಿನ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17ರ ವಯಸ್ಸಿನವರಲ್ಲಿ ಶೇ. 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡಿತ್ತು. ಮಹಾನಗರಗಳಲ್ಲಿ ಅದು ಶೇ. 13.5. ಹಾಗೆ ನೋಡಿದರೆ ನಲವತ್ತು ಮಕ್ಕಳ ಒಂದು ತರಗತಿಯಲ್ಲಿ ಐದು ಮಕ್ಕಳು.

ಕಾನೂನು ಕೇಳಿಸಿಕೊಂಡದ್ದು ಎಷ್ಟು?

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ 2018ರ ಮೇ 29ರಂದು ಜಾರಿಗೆ ಬಂತು. ಚಿಕಿತ್ಸೆ ಪಡೆಯುವುದು ಹಕ್ಕು ಎಂದು ಅದು ಹೇಳಿತು. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಬೇಕು, ಶಿಕ್ಷಿಸಬಾರದು ಎಂದಿತು. ಬ್ರಿಟಿಷರ ಕಾಲದ ದಂಡಸಂಹಿತೆಯ 309ನೇ ಕಲಂ 2024ರ ಜುಲೈ 1ರಂದು ಹೊಸ ಸಂಹಿತೆ ಬಂದಾಗ ಮರೆಯಾಯಿತು. ಆದರೆ ಹದಿನೆಂಟರ ಒಳಗಿನವರ ವಿಷಯದಲ್ಲಿ ನಿರ್ಧಾರ ಪೋಷಕರ ಕೈಯಲ್ಲೇ ಉಳಿಯಿತು. ಮಗು ಸಹಾಯ ಬೇಕು ಎನ್ನುತ್ತದೆ, ಮನೆಯವರು ‘ನಮ್ಮ ಮನೆಯಲ್ಲಿ ಅಂಥದ್ದೆಲ್ಲ ಇಲ್ಲ’ ಎನ್ನುತ್ತಾರೆ. ಆಗ ಆ ಮಗುವಿನ ಮುಂದಿನ ದಾರಿ ಬಹಳ ಕಿರಿದು.

2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು ಎಂಬುದು ರಾಷ್ಟ್ರೀಯ ಅಪರಾಧ ದಾಖಲೆಗಳ ಕಚೇರಿಯ ಲೆಕ್ಕ. ಅದೇ ವರ್ಷದ ಅಕ್ಟೋಬರ್ 10ರಂದು ‘ಟೆಲಿ ಮಾನಸ್’ ಸಹಾಯವಾಣಿ ಬಂತು. ಸಂಖ್ಯೆ 14416, ಹಗಲು ರಾತ್ರಿ, ಕನ್ನಡದಲ್ಲೂ ಮಾತಾಡಬಹುದು. ನವೆಂಬರಿನಲ್ಲಿ ರಾಷ್ಟ್ರೀಯ ಆತ್ಮಹತ್ಯೆ ತಡೆ ಕಾರ್ಯತಂತ್ರ ಪ್ರಕಟವಾಯಿತು.

2025ರಲ್ಲಿ ಸುಪ್ರೀಂ ಕೋರ್ಟು ಎರಡು ಸಲ ಈ ವಿಷಯಕ್ಕೆ ಕೈ ಹಾಕಿತು. ಮಾರ್ಚ್ 24ರಂದು, ದೆಹಲಿಯ ಐಐಟಿಯಲ್ಲಿ ತೀರಿಕೊಂಡ ಇಬ್ಬರು ವಿದ್ಯಾರ್ಥಿಗಳ ಪೋಷಕರ ಮೊರೆಯ ಮೇಲೆ, ಉನ್ನತ ಶಿಕ್ಷಣ ಸಂಸ್ಥೆಗಳ ಪರಿಸ್ಥಿತಿ ನೋಡಲು ಕಾರ್ಯಪಡೆ ರಚಿಸಿತು. ಅದರ ಅಧ್ಯಕ್ಷರು ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್, ಮೈಸೂರಿನಲ್ಲಿ ಹುಟ್ಟಿದವರು. ಜುಲೈ 25ರಂದು, ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ 17ರ ಮಗಳನ್ನು ಕಳೆದುಕೊಂಡ ತಂದೆಯ ಪ್ರಕರಣದಲ್ಲಿ, ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳಿಗೂ ಕೋಚಿಂಗ್ ಕೇಂದ್ರಗಳಿಗೂ ಮಾರ್ಗಸೂಚಿ ಕೊಟ್ಟಿತು. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಕಡೆ ಕನಿಷ್ಠ ಒಬ್ಬ ಅರ್ಹ ಸಮಾಲೋಚಕರು ಇರಬೇಕು. ಅಂಕದ ಮೇಲೆ ಮಕ್ಕಳನ್ನು ಬೇರೆ ಬೇರೆ ಬ್ಯಾಚ್ ಮಾಡಬಾರದು, ಎಲ್ಲರ ಮುಂದೆ ಅವಮಾನಿಸಬಾರದು. ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲವಾದರೂ ತರಬೇತಿ ಆಗಬೇಕು. ಸಹಾಯವಾಣಿಯ ಸಂಖ್ಯೆ ಕಣ್ಣಿಗೆ ಬೀಳುವಂತೆ ಬರೆದಿರಬೇಕು.

ಈ ಎರಡೂ ಪ್ರಕರಣಗಳಲ್ಲಿ ಕೋರ್ಟಿನ ಬಾಗಿಲು ಬಡಿದವರು ಮಕ್ಕಳನ್ನು ಕಳೆದುಕೊಂಡ ತಂದೆ ತಾಯಿಯರು. ಮಕ್ಕಳು ಬದುಕಿದ್ದಾಗ ಹೇಳುವ ಮಾತು ಆ ಬಾಗಿಲವರೆಗೆ ಹೋಗುವ ದಾರಿ ಇನ್ನೂ ನಮ್ಮಲ್ಲಿಲ್ಲ.

ಮಗುವಿನ ಹೆಗಲು, ದೊಡ್ಡವರ ಹೊರೆ

ಈ ಚರಿತ್ರೆಯಲ್ಲಿ ಒಂದು ಸಂಗತಿ ಮತ್ತೆ ಮತ್ತೆ ಬರುತ್ತದೆ. ಕೆಲಸಕ್ಕೆ ಜನ ಸಾಲದಾದಾಗ ನಾವು ಇನ್ನೊಂದು ಮೆಟ್ಟಿಲು ಕೆಳಗಿನವರಿಗೆ ಅದನ್ನು ದಾಟಿಸಿದೆವು. ವೈದ್ಯರಿಂದ ಆರೋಗ್ಯ ಕಾರ್ಯಕರ್ತರಿಗೆ, ಅವರಿಂದ ಮೇಷ್ಟರಿಗೆ, ಮೇಷ್ಟರಿಂದ ಮಕ್ಕಳಿಗೆ. ಬಳ್ಳಾರಿಯಲ್ಲಿ ಅದು ಸರಿಹೋಯಿತು, ಏಕೆಂದರೆ ಅಲ್ಲಿ ಕಾರ್ಯಕರ್ತರ ಬೆನ್ನಿಗೆ ಔಷಧಿ, ತರಬೇತಿ, ಮೇಲ್ವಿಚಾರಣೆ ಇತ್ತು. ದೆಹಲಿಯ ಪ್ರಯೋಗದಲ್ಲೂ ತರಬೇತಿ ಪಡೆದ ವಯಸ್ಕರೇ ಮಕ್ಕಳ ಎದುರಿಗೆ ಕೂತಿದ್ದರು. ಮೆಟ್ಟಿಲಿನ ಕೊನೆಯಲ್ಲಿ ಹದಿನಾರರ ಮಗು ನಿಂತಿದ್ದು, ಅದರ ಹಿಂದೆ ಯಾರೂ ಇಲ್ಲದಿದ್ದರೆ ಕಷ್ಟ. ರಾತ್ರಿ ಹನ್ನೊಂದಕ್ಕೆ ಗೆಳತಿಯಿಂದ ‘ನನಗೆ ಬದುಕಲು ಇಷ್ಟವಿಲ್ಲ’ ಎಂಬ ಮೆಸೇಜು ಬಂದರೆ, ಆ ‘ಸಂದೇಶವಾಹಕ’ ಹುಡುಗಿ ಏನು ಮಾಡಬೇಕು? ಯಾರಿಗೂ ಹೇಳಬೇಡ ಎಂದು ಗೆಳತಿ ಆಣೆ ಹಾಕಿಸಿದ್ದರೆ?

ಇಲ್ಲಿ ಗೆರೆ ಎಳೆಯಬೇಕು. ಹದಿಹರೆಯದವರು ವಕೀಲರಾಗಬಹುದು, ವೈದ್ಯರಾಗಬಾರದು. ಗೆಳೆಯ ಮಂಕಾಗಿದ್ದಾನೆ ಎಂದು ಮೊದಲು ಕಾಣುವುದು ಪಕ್ಕದ ಬೆಂಚಿನವನಿಗೆ. ಕಾಣುವುದು, ಕೇಳುವುದು, ನಂಬುವ ದೊಡ್ಡವರ ಬಳಿ ಕರೆದುಕೊಂಡು ಹೋಗುವುದು, ಇಷ್ಟು ಅವನ ಕೆಲಸ. ಪ್ರಾಣದ ಪ್ರಶ್ನೆ ಬಂದಾಗ ಗುಟ್ಟು ಕಾಪಾಡುವುದು ಸ್ನೇಹವಲ್ಲ, ತಕ್ಷಣ ದೊಡ್ಡವರಿಗೆ ಹೇಳುವುದೇ ಸ್ನೇಹ ಎಂದು ಅವನಿಗೆ ಮೊದಲೇ ಕಲಿಸಿರಬೇಕು. ಅಲ್ಲಿಂದಾಚೆಯ ಹೊರೆ ಶಾಲೆಯದು, ಮನೆಯದು, ಸರ್ಕಾರದ್ದು.

ವಕೀಲಿಕೆ ಎಂದರೂ ಪೋಸ್ಟರಿಗೆ ನಿಲ್ಲಬಾರದು. ‘ನಗುತ್ತಿರಿ’ ಎಂದು ಬರೆಯುವ ಪೋಸ್ಟರಿಗೆ ಎಲ್ಲ ಶಾಲೆಯಲ್ಲೂ ಗೋಡೆ ಸಿಗುತ್ತದೆ. ನಮ್ಮ ಶಾಲೆಯಲ್ಲಿ ಸಮಾಲೋಚಕರು ಇದ್ದಾರೆಯೇ, ಅವರನ್ನು ಗಣಿತದ ಪಿರಿಯಡ್ಡಿಗೆ ಕಳಿಸುತ್ತಿದ್ದೀರಾ, ಅವರ ಕೊಠಡಿಯ ಬಾಗಿಲು ಪ್ರಿನ್ಸಿಪಾಲರ ಕೊಠಡಿಯ ಎದುರಿಗೇ ಏಕಿದೆ, ಅಂಕಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಏಕೆ ಹಾಕುತ್ತೀರಿ ಎಂದು ಕೇಳುವ ವಿದ್ಯಾರ್ಥಿಗೆ ಅಷ್ಟೇ ಸುಲಭವಾಗಿ ಮೈಕ್ ಸಿಗುತ್ತದೆಯೇ? ಈಗ ಆ ಪ್ರಶ್ನೆಗಳ ಬೆನ್ನಿಗೆ ಸುಪ್ರೀಂ ಕೋರ್ಟಿನ ಮಾತಿದೆ. ಮಂಡಳಿಯ ಕಚೇರಿ ಅದೇ ಊರಿನಲ್ಲಿದೆ. ಅಲ್ಲಿಯ ಮಕ್ಕಳು ಇಂಥ ಪ್ರಶ್ನೆಗಳನ್ನು ಬರೆದು ಕಳಿಸಿದರೆ ಅದು ದೂರದ ಪ್ರಯಾಣವೇನಲ್ಲ.

ಇದನ್ನು ಓದುತ್ತಿರುವ ನೀವು ದ್ವಾರಕಾದಲ್ಲಿರಬಹುದು, ಧಾರವಾಡದಲ್ಲೋ ಕಾಸರಗೋಡಿನಲ್ಲೋ ಇರಬಹುದು. ಮಗು ಬಂದು ‘ಟೆನ್ಶನ್ ಆಗಿದೆ’ ಎಂದಾಗ ನಮ್ಮ ಬಾಯಿಗೆ ಮೊದಲು ಬರುವ ಉತ್ತರ, ‘ನಿನಗೇನಪ್ಪಾ ಟೆನ್ಶನ್, ಹೊತ್ತಿಗೆ ಸರಿಯಾಗಿ ಊಟ ಸಿಗುತ್ತೆ, ಓದೋದೊಂದೇ ಕೆಲಸ’ ಎಂಬುದು. ಆ ಉತ್ತರ ಕೆಟ್ಟ ಮನಸ್ಸಿನಿಂದ ಬಂದದ್ದಲ್ಲ. ಕಷ್ಟಪಟ್ಟು ಮೇಲೆ ಬಂದ ಒಂದು ತಲೆಮಾರಿನ ಲೆಕ್ಕ ಅದು. ಆದರೆ ಅದನ್ನು ಕೇಳಿದ ಮೇಲೆ ಮಗು ಎರಡನೇ ಸಲ ಬಂದು ಹೇಳುವುದಿಲ್ಲ. ಆ ಉತ್ತರದ ಜಾಗದಲ್ಲಿ ‘ಯಾವಾಗಿಂದ? ಬಾ, ಕೂತ್ಕೋ’ ಎಂಬ ಎರಡು ಮಾತು ಬಂದರೆ, ಮಿಕ್ಕದ್ದನ್ನು ಮಗುವೇ ಹೇಳುತ್ತದೆ.